‘ಕರ್ವಾಲೊ’ ಕಾದಂಬರಿಯ ಹಾರುವ ಓತಿಯೂ ಜೀವವಿಕಾಸದ ಸಾಕ್ಷ್ಯವೂ

‘ಬೇಲಿಗೆ ಓತಿಕ್ಯಾತ ಸಾಕ್ಷಿ, ಓತಿಕ್ಯಾತನಿಗೆ ಬೇಲಿ ಸಾಕ್ಷಿ’ ಎಂಬ ಗಾದೆಯು ಕನ್ನಡನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು. ಒಬ್ಬರನ್ನೊಬ್ಬರು ಆತುಕೊಂಡು ಹೇಳುವ, ಹೊರಗಿನ ಆಧಾರವಿಲ್ಲದ, ನ್ಯಾಯಸ್ಥಾನದಲ್ಲಿ ನಿಲ್ಲಲಾರದ ಮಾತಿಗೆ ಇದನ್ನು ಉಪಮಾನವಾಗಿ ಹೇಳುವರು. ಲೋಕವು ಹೀಗೆ ಕಳ್ಳಸಾಕ್ಷಿಯೆಂದು ತಳ್ಳಿಹಾಕಿದ ಪ್ರಾಣಿಯನ್ನೇ ಕರೆತಂದು ಜೀವಕೋಟಿಯ ಪುರಾತನ ಚರಿತ್ರೆಗೆ ಸಾಕ್ಷಿಯಾಗಿ ನಿಲ್ಲಿಸಿದ ಗ್ರಂಥವು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಈ ಕಾದಂಬರಿಯ ಭಾಷೆ, ಹಾಸ್ಯ, ಪಾತ್ರರಚನೆಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿರುವುದು. ಆದರೆ ಜೀವವಿಕಾಸವೆಂಬ ಸಿದ್ಧಾಂತಕ್ಕೆ ಇದು ಯಾವುದನ್ನು ಸಾಕ್ಷ್ಯವಾಗಿ ಒಡ್ಡುವುದು, ಆ ಸಾಕ್ಷ್ಯವು ಶಾಸ್ತ್ರದೃಷ್ಟಿಯಿಂದ ಎಷ್ಟು ಬಲವುಳ್ಳದ್ದು, ಅದನ್ನು ಒಡ್ಡಿದ ರೀತಿಯಿಂದ ಕೃತಿಗೆ ಬಂದ ಲಾಭವೇನು ನಷ್ಟವೇನು ಎಂಬ ಪ್ರಶ್ನೆಗಳು ಬೇರೆಯಾಗಿಯೇ ವಿಚಾರಿಸತಕ್ಕವು.

ಕಥೆಯ ಎಲುಬು ಸರಳವಾದುದು. ಮೂಡಿಗೆರೆಯಲ್ಲಿ ನೆಲೆಸಿದ ವಿಜ್ಞಾನಿ ಕರ್ವಾಲೊ, ಜೇನಿನ ಮರ್ಮವನ್ನು ಬಲ್ಲ ಹಳ್ಳಿಗ ಮಂದಣ್ಣ, ಬೇಸಾಯದಿಂದ ಬೇಸತ್ತ ನಿರೂಪಕ, ಬಿರಿಯಾನಿ ಕರಿಯಪ್ಪ, ಪ್ರಭಾಕರ, ಎಂಗ್ಟ, ಇವರೊಡನೆ ಕಿವಿ ಎಂಬ ನಾಯಿ—ಈ ವಿಚಿತ್ರವಾದ ಪರಿವಾರವು ಹಾರುವ ಓತಿಯೊಂದನ್ನು ಅರಸುತ್ತ ದಟ್ಟವಾದ ಕಾಡನ್ನು ಹೊಗುವುದು. ಓತಿಯು ಕಾಣಿಸಿಕೊಳ್ಳುವುದು, ಆದರೆ ಕೈವಶವಾಗದೆ ಪ್ರಪಾತದ ಅಂಚಿನಿಂದ ತೇಲಿ ಕಣ್ಮರೆಯಾಗುವುದು. ಈ ಮುಕ್ತಾಯವನ್ನು ನಿಸರ್ಗದ ಅಪಾರವಾದ ನಿಗೂಢತೆಯ ಸಂಕೇತವೆಂದು ಓದುವುದು ರೂಢಿಯಾಗಿದೆ. ಹಾಗೆ ಓದುವುದು ತಪ್ಪಲ್ಲ. ಆದರೂ ಅದರಲ್ಲಿ ಒಂದು ಅಪಾಯವುಂಟು. ಓತಿಯು ಸಾಕ್ಷಿಯಾಗಿದ್ದರೆ, ಓತಿಯೊಡನೆ ಸಾಕ್ಷ್ಯವೂ ಕಣಿವೆಯ ಪಾಲಾಯಿತೆಂಬ ಭಾವನೆಯು ಓದುಗನ ಮನಸ್ಸಿನಲ್ಲಿ ಉಳಿದುಬಿಡುವುದು. ಜೀವಗಳು ಕಾಲಕ್ರಮದಲ್ಲಿ ಮಾರ್ಪಟ್ಟುವೆಂಬುದಕ್ಕೆ ಪ್ರಮಾಣವೆಲ್ಲಿ ಎಂದು ಕೇಳಿದರೆ, ‘ಇತ್ತು, ಹಾರಿಹೋಯಿತು’ ಎನ್ನುವಂತಾಗುವುದು.

ಈ ಅಪಾಯವು ಬರಿಯ ಊಹೆಯಲ್ಲ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರದ ರಾಜ್ಯಸಚಿವರೊಬ್ಬರು, ಕಪಿಯು ಮನುಷ್ಯನಾದುದನ್ನು ಯಾರೂ ಕಂಡಿಲ್ಲವಾದುದರಿಂದ ಡಾರ್ವಿನ್ನನ ವಾದವು ತಪ್ಪೆಂದು ಬಹಿರಂಗವಾಗಿ ಹೇಳಿದರು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಅಧ್ಯಾಯವು ‘ಅನುವಂಶೀಯತೆ’ ಮಾತ್ರವಾಗಿ ಉಳಿಯಿತು. ಇದನ್ನು ವಿರೋಧಿಸಿ 1800ಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳೂ ಅಧ್ಯಾಪಕರೂ ಸಹಿಮಾಡಿದ ಪತ್ರವೊಂದು ಹೊರಬಂದಿತು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಷಯವು ಉಳಿದಿರುವುದು ನಿಜ. ಆದರೆ ಜೀವಶಾಸ್ತ್ರವನ್ನು ಆರಿಸಿಕೊಳ್ಳದ ವಿದ್ಯಾರ್ಥಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಹೀಗಿರಲು, ಕಲೆ ವಾಣಿಜ್ಯಗಳನ್ನು ಓದುವ ಕನ್ನಡದ ಹುಡುಗನೊಬ್ಬನು ಜೀವವಿಕಾಸದ ಮಾತನ್ನು ಗಂಭೀರವಾಗಿ ಕೇಳುವ ಏಕಮಾತ್ರ ಸ್ಥಳವು ಕನ್ನಡ ಪಂಡಿತರ ತರಗತಿಯೂ, ಏಕಮಾತ್ರ ಪುಸ್ತಕವು ‘ಕರ್ವಾಲೊ’ವೂ ಆಗಿರಬಹುದು. ಕಾದಂಬರಿಯೊಂದರ ಮೇಲೆ ಇಷ್ಟು ಭಾರವನ್ನು ಹೇರಬಾರದೆಂದು ಆಕ್ಷೇಪಿಸಬಹುದು. ಆದರೆ ಭಾರವು ಈಗಾಗಲೇ ಬಿದ್ದಾಗಿದೆ.

ಮೊದಲು ಆ ಪ್ರಾಣಿಯ ವಿಚಾರ. ಹಾರುವ ಓತಿಯು ಕವಿಕಲ್ಪಿತವಲ್ಲ. ಶಾಸ್ತ್ರದಲ್ಲಿ ಅದಕ್ಕೆ ಡ್ರೇಕೊ ಡಸ್ಸುಮಿಯೆರಿ ಎಂದು ಹೆಸರು. ಡ್ಯುಮೆರಿಲ್ ಮತ್ತು ಬಿಬ್ರೋನ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞರು 1837ರಲ್ಲಿ ಇದನ್ನು ವರ್ಣಿಸಿದರು. ಪಶ್ಚಿಮಘಟ್ಟಗಳ ಕಾಡುಗಳಲ್ಲಿಯೂ ಅವಕ್ಕೆ ಸೇರಿದ ಅಡಕೆ ತೆಂಗಿನ ತೋಟಗಳಲ್ಲಿಯೂ ಇದು ವಾಸಿಸುವುದು; ಇರುವೆಗಳೇ ಇದರ ಮುಖ್ಯ ಆಹಾರ. ಮಲೆನಾಡಿನ ತೋಟಿಗರಿಗೆ ಇದು ಅಪರಿಚಿತವಲ್ಲ. ಮರದ ತೊಗಟೆಯ ಬಣ್ಣವನ್ನೇ ಹೊತ್ತು ಅಂಟಿಕೊಂಡಿರುವುದರಿಂದ ಕಣ್ಣಿಗೆ ಬೀಳುವುದು ಕಷ್ಟವೆಂಬುದಷ್ಟೇ ಹೊರತು, ಅಳಿದುಹೋದ ಕುಲವೊಂದರ ಕಟ್ಟಕಡೆಯ ಪ್ರತಿನಿಧಿಯಲ್ಲ. ಕಾದಂಬರಿಯಾದರೋ ಇದನ್ನು ಕಾಲಗರ್ಭದಿಂದ ಹೇಗೋ ತಪ್ಪಿಸಿಕೊಂಡು ಬಂದ ಅತಿವಿರಳ ಜೀವಿಯೆಂಬಂತೆ ಕಾಣಿಸುವುದು. ಕಾದಂಬರಿಕಾರನಿಗೆ ಇಷ್ಟು ಸ್ವಾತಂತ್ರ್ಯವು ಸಲ್ಲತಕ್ಕದ್ದೇ. ಅಡಕೆಯ ಮರದಲ್ಲಿ ಕೂತ ಓತಿಯನ್ನು ಹುಡುಕಲು ದಂಡಯಾತ್ರೆ ಹೊರಡಬೇಕಾಗಿಲ್ಲ, ದಂಡಯಾತ್ರೆಯಿಲ್ಲದೆ ಕಥೆಯಿಲ್ಲ.

ಆದರೆ ವಿರಳತೆಯು ಒಂದು ವಸ್ತುವಿಗೆ ಬೆಲೆಯನ್ನು ತರಬಹುದೇ ಹೊರತು ಸಾಕ್ಷ್ಯದ ಬಲವನ್ನು ತರಲಾರದು. ಈ ಓತಿಯ ಸಾಕ್ಷ್ಯವಿರುವುದು ಅದರ ಪಕ್ಕೆಯಲ್ಲಿ. ಇದರ ರೆಕ್ಕೆಯು ಹಕ್ಕಿಯ ರೆಕ್ಕೆಯಂತೆ ಮುಂಗಾಲಿನ ಮಾರ್ಪಾಡಲ್ಲ. ಬಾವಲಿಯ ರೆಕ್ಕೆಯಂತೆ ನೀಡಿದ ಬೆರಳುಗಳ ನಡುವಣ ತೊಗಲೂ ಅಲ್ಲ. ಐದರಿಂದ ಏಳು ಜೊತೆ ಪಕ್ಕೆಲುಬುಗಳು ದೇಹದಿಂದ ಹೊರಕ್ಕೆ ಉದ್ದವಾಗಿ ಬೆಳೆದು, ಕೊಡೆಯ ಕಡ್ಡಿಗಳಂತೆ ಚರ್ಮದ ಪೊರೆಯೊಂದನ್ನು ಬಿಡಿಸಿ ಹಿಡಿಯುವುವು. ಉಳಿದ ಓತಿಗಳಲ್ಲಿ ಎದೆಗೂಡನ್ನು ಸುತ್ತುವ ಎಲುಬೇ ಇಲ್ಲಿ ಗಾಳಿಯನ್ನು ಆತುಕೊಳ್ಳುವುದು. ಹೊಸ ಕೆಲಸಕ್ಕೆ ಹೊಸ ಅಂಗವನ್ನು ನಿರ್ಮಿಸದೆ ಹಳೆಯ ಅಂಗವನ್ನೇ ತಿದ್ದಿಕೊಂಡಿರುವ ಇಂತಹ ಸಂದರ್ಭಗಳೇ ಡಾರ್ವಿನ್ನನಿಗೆ ಮುಖ್ಯವಾಗಿದ್ದುವು; 1859ರ ‘ಜೀವಜಾತಿಗಳ ಉಗಮ’ದಲ್ಲಿ ತನ್ನ ವಾದಕ್ಕೆ ಒದಗುವ ಕಷ್ಟಗಳನ್ನು ಚರ್ಚಿಸುವಾಗ ಅವನು ಹಾರುವ ಅಳಿಲುಗಳ ವಿವಿಧ ಅವಸ್ಥೆಗಳನ್ನು ಇದೇ ಉದ್ದೇಶದಿಂದ ಎತ್ತಿಕೊಂಡನು.

ಓದುವವರಲ್ಲಿ ಇನ್ನೊಂದು ತಪ್ಪುಗ್ರಹಿಕೆ ಹುಟ್ಟುವ ಸಂಭವವುಂಟು. ಹರಿದಾಡುವ ಪ್ರಾಣಿಯು ಹಾರಾಡುವ ಹಕ್ಕಿಯಾಗುವ ದಾರಿಯಲ್ಲಿ ಈ ಓತಿಯು ನಡುಹಾದಿಯ ಕೊಂಡಿಯೆಂದು ತಿಳಿಯುವುದು ಸುಲಭ. ಅದು ಸರಿಯಲ್ಲ. ಹಕ್ಕಿಗಳ ಪೂರ್ವಜರು ಎರಡು ಕಾಲಮೇಲೆ ನಡೆಯುತ್ತಿದ್ದ ಡೈನೊಸಾರುಗಳೆಂಬುದಕ್ಕೆ ಜರ್ಮನಿಯ ಸೊಲ್ನ್‌ಹೋಫನ್ನಿನ ಸುಣ್ಣಗಲ್ಲಿನಲ್ಲಿ 1861ರಿಂದ ದೊರೆತ ಆರ್ಕಿಯಾಪ್ಟೆರಿಕ್ಸ್ ಮೊದಲುಗೊಂಡು ಚೀನಾದೇಶದ ಗರಿಸಹಿತವಾದ ಶಿಲಾವಶೇಷಗಳವರೆಗೆ ಪ್ರಮಾಣಗಳಿವೆ. ಹಾರುವ ಓತಿಯು ಹಕ್ಕಿಯಾಗಲು ಹೊರಟು ಅರ್ಧದಲ್ಲಿ ನಿಂತುದಲ್ಲ; ಅದು ತನ್ನ ದಾರಿಯಲ್ಲಿ ಪೂರ್ಣವಾಗಿಯೇ ಇರುವುದು. ಪಕ್ಕೆಲುಬಿನ ರೆಕ್ಕೆಯೂ ಇದರದೇ ಏಕಸ್ವಾಮ್ಯವಲ್ಲ: ಇಂಗ್ಲೆಂಡಿನ ಟ್ರಯಾಸಿಕ್ ಕಾಲದ ಕ್ಯೂನಿಯೊಸಾರಸ್ ಎಂಬ ಪ್ರಾಣಿಯೂ ಇದೇ ಉಪಾಯವನ್ನು ಕಂಡುಕೊಂಡಿದ್ದಿತು, ಆದರೆ ಅದಕ್ಕೂ ಇದಕ್ಕೂ ಮೈಯ ಉಳಿದ ರಚನೆಯಲ್ಲಿ ಸಮೀಪದ ನೆಂಟಸ್ತಿಕೆಯಿಲ್ಲ. ಒಂದೇ ಅವಶ್ಯಕತೆಗೆ ಬೇರೆ ಬೇರೆ ಕುಲಗಳು ಬೇರೆ ಬೇರೆ ಕಾಲದಲ್ಲಿ ಒಂದೇ ಉತ್ತರವನ್ನು ಕೊಟ್ಟಿವೆ. ಹೋಲಿಕೆಯೆಲ್ಲವೂ ನೆಂಟಸ್ತಿಕೆಯಲ್ಲವೆಂಬ ಈ ವಿವೇಕವಿಲ್ಲದಿದ್ದರೆ ಸಾಕ್ಷ್ಯವಿಚಾರಣೆಯು ಗಾದೆಯ ಬೇಲಿಗೇ ಬಂದು ನಿಲ್ಲುವುದು.

ಹಾಗಾದರೆ ಹಾರುವ ಓತಿಯ ನಿಜವಾದ ನೆಂಟರಾರು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಮಲೆನಾಡನ್ನು ಬಿಟ್ಟು, ಮಳೆಕಾಡಿನ ಗಂಧವೇ ಇಲ್ಲದ ಬಯಲುಸೀಮೆಗೆ ಹೋಗುವುದು ಮೇಲು. ತುಮಕೂರು ಜಿಲ್ಲೆಯ ಬಡಗಣ ಅಂಚಿನಲ್ಲಿ, ಆಂಧ್ರದ ಸೀಮೆಯೊಳಕ್ಕೆ ಚಾಚಿಕೊಂಡಿರುವ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ಈ ಕಾದಂಬರಿಯನ್ನು ಪಾಠಹೇಳುವ ಉಪಾಧ್ಯಾಯನಿಗೆ ತೋರಿಸಲು ಹಾರುವ ಓತಿಯಿಲ್ಲ. ಶಿಲಾವಶೇಷಗಳೂ ಇಲ್ಲ. ಆ ಸೀಮೆಯ ಕಲ್ಲು ಅಂತಹದು: ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರುಗೊಂಡ ಕಣಶಿಲೆಯ ಪಟ್ಟಿಯು ಪಾವಗಡದ ಕಡೆಯಿಂದ ಹಾದು ಬಡಗಲಾಗಿ ಹೋಗುವುದು, ಅದು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿ ಹೆಪ್ಪುಗಟ್ಟಿದ್ದು. ಕರಗಿದ ಕಲ್ಲು ಯಾವ ಜೀವದ ಅಚ್ಚನ್ನೂ ಉಳಿಸಲಾರದು. ಆ ಕಾಲಕ್ಕೆ ಎಲುಬುಳ್ಳ ಜೀವವೂ ಇರಲಿಲ್ಲ. ಆದುದರಿಂದ ಆ ಗುಡ್ಡಗಳ ಹೊಟ್ಟೆಯಲ್ಲಿ ಹುಡುಕಿ ಫಲವಿಲ್ಲ, ಬೆನ್ನಮೇಲೆ ನೋಡಬೇಕು.

ಬೆನ್ನಮೇಲೆ ಕೂತಿರುವುದು ಓತಿಯೇ. ತೆಂಕಣ ಕರ್ನಾಟಕದ ಬಂಡೆಗುಡ್ಡಗಳಲ್ಲಿ ಸಾಮಾನ್ಯವಾದ ಬಂಡೆ ಓತಿಗೆ ಶಾಸ್ತ್ರದಲ್ಲಿ ಸ್ಯಾಮೊಫಿಲಸ್ ಡಾರ್ಸಾಲಿಸ್ ಎಂದು ಹೆಸರು. ಬೆದೆಯ ಕಾಲದಲ್ಲಿ ಗಂಡಿನ ಬೆನ್ನು ಕೆಂಪೇರಿ ಪಕ್ಕಗಳು ಕಪ್ಪಾಗುವುವು. ಬೇಲಿಯ ಮೇಲೆ ಕೂತು ತಲೆಯಾಡಿಸುವ ಗಾದೆಯ ಓತಿಕ್ಯಾತನು ಕ್ಯಾಲೊಟೀಸ್ ವರ್ಸಿಕಲರ್. ಕುರುಚಲು ನೆಲದಲ್ಲಿ ಗಂಟಲ ಚೀಲವನ್ನು ಬೀಸಣಿಗೆಯಂತೆ ಬಿಚ್ಚಿ ತೋರುವ ಸಿಟಾನ ಎಂಬ ಚಿಕ್ಕ ಓತಿಯದು ಮತ್ತೊಂದು ಕುಲ. ಈ ಮೂರೂ ಮಲೆನಾಡಿನ ಹಾರುವ ಓತಿಯೂ ಅಗಾಮಿಡೇ ಎಂಬ ಒಂದೇ ಮನೆತನದ, ಅದರಲ್ಲಿಯೂ ಡ್ರಕೊನಿನೇ ಎಂಬ ಒಂದೇ ಉಪಶಾಖೆಯ ಸದಸ್ಯರು. ಮೈಯ ರಚನೆಯನ್ನು ಹೋಲಿಸಿದರೂ ಜೀವಕಣದೊಳಗಣ ಆನುವಂಶಿಕ ಲಿಪಿಯನ್ನು ಹೋಲಿಸಿದರೂ ಈ ನೆಂಟಸ್ತಿಕೆಯೇ ತೋರಿಬರುವುದು. ಸಿಟಾನದಂತೆ ಹಾರುವ ಓತಿಯ ಗಂಡಿಗೂ ಗಂಟಲಲ್ಲಿ ಹಳದಿಯ ಬಾವುಟವೊಂದುಂಟು. ಹೊಸಕೋಟೆಯ ಬಂಡೆಯ ಮೇಲಣ ಓತಿಗೆ ರೆಕ್ಕೆಯಿಲ್ಲ. ಆದರೆ ರೆಕ್ಕೆಯ ಕಚ್ಚಾಸಾಮಗ್ರಿಯಾದ ಪಕ್ಕೆಲುಬುಗಳು ಅದರ ಮೈಯೊಳಗಿವೆ. ಒಬ್ಬ ಅಣ್ಣನು ಮರವೇರಿದನು, ಒಬ್ಬ ತಮ್ಮನು ಬಂಡೆಯನ್ನು ಹಿಡಿದನು. ಕಾದಂಬರಿಯು ಹೇಳದೆ ಬಿಟ್ಟಿರುವ ಸಂಗತಿ ಇದೇ: ಹಾರುವ ಓತಿಯು ಸಾಕ್ಷಿಯಾಗುವುದು ಏಕಾಕಿಯಾಗಿ ಅಲ್ಲ, ಬೇಲಿಯ ಓತಿಯೊಡನೆ ನಿಲ್ಲಿಸಿದಾಗ. (ದಖನ್ ಪ್ರಸ್ಥಭೂಮಿಯ ಬೀಸಣಿಗೆ ಗಂಟಲಿನ ಓತಿಗಳಲ್ಲಿ ಸರಡ ಎಂಬ ಹೊಸ ಕುಲವನ್ನು 2016ರಲ್ಲಿ ಬೇರ್ಪಡಿಸಿದ ವಿದ್ವಾಂಸರು ಅದರ ಒಂದು ಜಾತಿಗೆ ಡಾರ್ವಿನ್ನನ ಹೆಸರನ್ನೇ ಇಟ್ಟಿರುವರು, ಬೇಲಿಯ ಸಾಕ್ಷಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆಯು ಸಲ್ಲಲಾರದು.)

ಹೊಸಕೋಟೆಯನ್ನು ಇಲ್ಲಿ ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವೂ ಉಂಟು. ಆ ಊರು ರೇಷ್ಮೆಸೀರೆಯ ನೇಯ್ಗೆಗೆ ಹೆಸರಾದುದು. ಮಗ್ಗದ ಮೇಲಣ ಪ್ರತಿಯೊಂದು ಎಳೆಯೂ ಹಾರಲಾರದ ಒಂದು ಪತಂಗದ ಕುಲದಿಂದ ಬಂದುದು. ಸಾಕಿದ ರೇಷ್ಮೆಹುಳುವಿನ ಕಾಡು ಪೂರ್ವಜವು ಚೀನಾದೇಶದಲ್ಲಿ ಇಂದಿಗೂ ಹಾರಾಡಿಕೊಂಡಿದೆ. ಸುಮಾರು ಐದು ಸಾವಿರ ವರ್ಷಗಳ ಕಾಲ ಮನುಷ್ಯನು ದೊಡ್ಡ ಗೂಡು, ಸಾಧುಸ್ವಭಾವ, ತಟ್ಟೆಯನ್ನು ಬಿಟ್ಟು ಕದಲದ ಗುಣ ಇವುಗಳನ್ನು ಆರಿಸಿ ಆರಿಸಿ ಸಾಕಿದುದರ ಫಲವಾಗಿ, ರೆಕ್ಕೆಯಿದ್ದೂ ಹಾರಲಾರದ, ಮೈಬಣ್ಣ ಬಿಳಿಚಿದ, ಮನುಷ್ಯನ ಹಂಗಿಲ್ಲದೆ ಒಂದು ತಲೆಮಾರೂ ಬದುಕಲಾರದ ಜೀವವು ಸಿದ್ಧವಾಯಿತು. ಮೈಸೂರು ತಳಿಯೆಂದು ಪ್ರಸಿದ್ಧವಾದ, ವರ್ಷದಲ್ಲಿ ಹಲವು ಬೆಳೆ ಕೊಡುವ ಹುಳುವು ಆ ಮೂಲದಿಂದಲೇ ಕವಲೊಡೆದು ಈ ನಾಡಿನ ಹವೆಗೆ ಒಗ್ಗಿಕೊಂಡುದು. ಡಾರ್ವಿನ್ನನು 1868ರ ತನ್ನ ಗ್ರಂಥದಲ್ಲಿ ರೇಷ್ಮೆಯ ಪತಂಗಗಳನ್ನು ವಿವರವಾಗಿ ಚರ್ಚಿಸಿರುವನು. ಮಾರ್ಪಾಡನ್ನು ಯಾರೂ ಕಂಡಿಲ್ಲವೆಂಬ ಮಾತಿಗೆ ಹುಳು ಸಾಕುವವರ ಮನೆಯಲ್ಲಿ ಅವಕಾಶವಿಲ್ಲ. ಅಲ್ಲಿ ಅದನ್ನು ಕಂಡಿರುವುದು ಮಾತ್ರವಲ್ಲ, ಕೈಯಾರೆ ಮಾಡಿರುವುದು.

ಮನುಷ್ಯನು ಆರಿಸಿದುದಕ್ಕೂ ನಿಸರ್ಗವು ಆರಿಸಿದುದಕ್ಕೂ ಭೇದವಿಲ್ಲವೆ ಎಂದು ಕೇಳಬಹುದು. ಭೇದವುಂಟು, ಆ ಭೇದವನ್ನು ದಾಟುವ ಸೇತುವೆಯನ್ನು ಕಟ್ಟಿದುದೇ ಡಾರ್ವಿನ್ನನ ಗ್ರಂಥರಚನೆಯ ಚಾತುರ್ಯ. ‘ಜೀವಜಾತಿಗಳ ಉಗಮ’ದ ಮೊದಲನೆಯ ಅಧ್ಯಾಯದಲ್ಲಿ ದ್ವೀಪಾಂತರಗಳ ಆಶ್ಚರ್ಯಗಳಿಲ್ಲ, ಅಲ್ಲಿರುವುದು ಹಿತ್ತಲಿನಲ್ಲಿ ಸಾಕಿದ ಪಾರಿವಾಳಗಳು. ಓದುಗನಿಗೆ ಪರಿಚಿತವಾದುದರಲ್ಲಿ ಮಾರ್ಪಾಡನ್ನು ತೋರಿಸಿ, ಅನಂತರ ಅಪರಿಚಿತವಾದುದಕ್ಕೆ ಅವನು ಕೈಹಿಡಿದು ನಡೆಸುವನು. ‘ಕರ್ವಾಲೊ’ದ ನಡೆಯೂ ಮೊದಮೊದಲು ಹೀಗೆಯೇ ಇರುವುದು. ಜೇನು, ಗದ್ದೆ, ಹುಳುಹುಪ್ಪಟೆಗಳಿಂದ ಕಥೆಯು ತೊಡಗುವುದು. ಆದರೆ ಕೊನೆಗೆ ಅದು ಬೇಲಿಯನ್ನು ಬಿಟ್ಟು ಪ್ರಪಾತಕ್ಕೆ ಓಡುವುದು.

ಸಾಹಿತ್ಯದ ಉಪಾಧ್ಯಾಯರಿಗೆ ಈ ಸಾಕ್ಷ್ಯಕ್ರಮವು ಹೊಸದೆಂದು ತೋರಬೇಕಾಗಿಲ್ಲ. ಅವರು ನಿತ್ಯವೂ ಬಳಸುವ ಕ್ರಮವೇ ಇದು. ಓತಿ ಎಂಬ ಮಾತನ್ನೇ ನೋಡಬಹುದು. ತಮಿಳಿನಲ್ಲಿ ಓಂದಿ, ಮಲಯಾಳದಲ್ಲಿ ಓಂತು, ಕನ್ನಡದಲ್ಲಿ ಓತಿ. ಈ ಮೂರೂ ಒಂದು ಮೂಲದ ಕವಲುಗಳೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಆ ಮೂಲರೂಪವನ್ನು ನುಡಿದ ಬಾಯನ್ನು ಕಂಡವರಿಲ್ಲ, ಕೇಳಿದವರಿಲ್ಲ. ಅದನ್ನು ಕೊರೆದ ಶಾಸನವೂ ಇಲ್ಲ. ಪಾವಗಡದ ಗಡಿಯಲ್ಲಿ ಇದೇ ಪ್ರಾಣಿಯನ್ನು ತೆಲುಗಿನವರು ತೊಂಡ ಎನ್ನುವರು. ಅದು ಬೇರೆಯ ಮಾತೆಂಬುದನ್ನೂ ಶಾಸ್ತ್ರವು ಒಪ್ಪುವುದು. ಕಾಲ್ಡ್‌ವೆಲ್ಲನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವು 1856ರಲ್ಲಿ, ಡಾರ್ವಿನ್ನನ ಗ್ರಂಥಕ್ಕೆ ಮೂರು ವರ್ಷ ಮೊದಲು ಹೊರಬಂದಿತು. ಕನ್ನಡವು ತಮಿಳಾದುದನ್ನಾಗಲಿ ತಮಿಳು ಕನ್ನಡವಾದುದನ್ನಾಗಲಿ ಯಾರೂ ಕಂಡಿಲ್ಲವೆಂದು ಹೇಳಿ ಕಾಲ್ಡ್‌ವೆಲ್ಲನನ್ನು ಯಾರೂ ತಳ್ಳಿಹಾಕಲಿಲ್ಲ. ಒಂದು ಇನ್ನೊಂದಾಯಿತೆಂದು ಅವನು ಹೇಳಿಯೂ ಇರಲಿಲ್ಲ. ಎರಡೂ ಒಂದು ತಾಯಿಯ ಮಕ್ಕಳೆಂಬುದು ಅವನ ವಾದ. ಡಾರ್ವಿನ್ನನ ವಾದವೂ ಇಷ್ಟೇ: ಇಂದಿನ ಕಪಿಯು ಮನುಷ್ಯನಾಗಲಿಲ್ಲ, ಇಬ್ಬರಿಗೂ ಪೂರ್ವಜರೊಬ್ಬರಿದ್ದರು. ಜೀವಗಳ ವರ್ಗೀಕರಣವನ್ನು ವಿವರಿಸುವಾಗ ಭಾಷೆಗಳ ವಂಶವೃಕ್ಷವನ್ನೇ ಅವನು ದೃಷ್ಟಾಂತವಾಗಿ ಕೊಟ್ಟಿರುವನು.

ಗ್ರಂಥಸಂಪಾದನೆಯು ಇನ್ನೂ ಹತ್ತಿರದ ದೃಷ್ಟಾಂತ. ಒಂದು ಕಾವ್ಯದ ಹಲವು ಓಲೆಪ್ರತಿಗಳಲ್ಲಿ ಶುದ್ಧವಾದ ಪಾಠವು ಎಲ್ಲದರಲ್ಲಿಯೂ ಒಂದೇ ಆಗಿದ್ದರೆ ಅದರಿಂದ ಪ್ರತಿಗಳ ಪರಸ್ಪರ ಸಂಬಂಧವೇನೂ ತಿಳಿಯದು. ಆದರೆ ಎರಡು ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಪಾದವು ಬಿಟ್ಟುಹೋಗಿ, ಇನ್ನೊಂದು ಸ್ಥಳದಲ್ಲಿ ಒಂದೇ ಅಪಪಾಠವು ಬಂದಿದ್ದರೆ, ಅವೆರಡೂ ಒಂದೇ ಮಾತೃಕೆಯಿಂದ ಇಳಿದುಬಂದುವೆಂದು ಸಂಪಾದಕನು ನಿಸ್ಸಂದೇಹವಾಗಿ ತೀರ್ಮಾನಿಸುವನು. ಲಿಪಿಕಾರನ ತಪ್ಪೇ ವಂಶದ ಗುರುತು. ಜೀವದ ಲಿಪಿಯಲ್ಲಿಯೂ ಇಂತಹ ಗ್ರಂಥಪಾತಗಳುಂಟು. ಹಸು, ನಾಯಿ, ಕುದುರೆ ಮೊದಲಾದುವು ‘ಸಿ’ ಜೀವಸತ್ತ್ವವನ್ನು ತಮ್ಮ ಮೈಯಲ್ಲಿಯೇ ತಯಾರಿಸಿಕೊಳ್ಳುವುವು. ಮನುಷ್ಯನೂ ಚಿಂಪಾಂಜಿ, ಗೊರಿಲ್ಲ, ಕೋತಿಗಳೂ ತಯಾರಿಸಿಕೊಳ್ಳಲಾರರು. ತಯಾರಿಸುವ ಕ್ರಮವನ್ನು ಬರೆದ ಲಿಪಿಯ ಭಾಗವು ಇವರಲ್ಲಿ ಇಲ್ಲದೆ ಇಲ್ಲ. ಇದೆ, ಆದರೆ ಕೆಟ್ಟಿದೆ. ಕೆಟ್ಟಿರುವ ರೀತಿಯಲ್ಲಿಯೂ ಸಾಮ್ಯವುಂಟು. ಗಿನಿ ಇಲಿಯಲ್ಲಿಯೂ ಇದೇ ಭಾಗವು ಕೆಟ್ಟಿರುವುದು, ಆದರೆ ಬೇರೆ ವಿಧವಾಗಿ—ಬೇರೊಬ್ಬ ಲಿಪಿಕಾರನ ಬೇರೊಂದು ತಪ್ಪು. ಓಲೆಪ್ರತಿಗಳ ವಿಷಯದಲ್ಲಿ ಒಪ್ಪುವ ಪ್ರಮಾಣವನ್ನು ಜೀವಗಳ ವಿಷಯದಲ್ಲಿ ಒಪ್ಪದಿರುವುದಕ್ಕೆ ನ್ಯಾಯವಾದ ಕಾರಣವನ್ನು ಕೊಡುವುದು ಕಷ್ಟ.

ಇಲ್ಲಿ ‘ವಿಕಾಸ’ವೆಂಬ ಮಾತಿನ ವಿಚಾರವನ್ನೂ ಎತ್ತಬೇಕಾಗುವುದು. ವಿಕಾಸವೆಂದರೆ ಅರಳುವಿಕೆ. ಮೊಗ್ಗಿನೊಳಗೆ ಮೊದಲೇ ಇದ್ದುದು ಅರಳುವಾಗ ಹೊರತೋರುವುದು. ಅರಳಿದುದು ಮೊಗ್ಗಿಗಿಂತ ಮೇಲಿನದು. ಈ ಎರಡು ಭಾವನೆಗಳೂ ಡಾರ್ವಿನ್ನನ ಸಿದ್ಧಾಂತಕ್ಕೆ ಹೊರಗಿನವು. ‘ಪರಿಣಾಮ’ವೆಂದರೂ ಸಾಂಖ್ಯರ ಸತ್ಕಾರ್ಯವಾದವು ಬೆನ್ನುಹತ್ತಿ ಬರುವುದು. ಪಾಶ್ಚಾತ್ಯರ ಮಾತೂ ಸುರುಳಿ ಬಿಚ್ಚುವುದೆಂಬ ಅರ್ಥದ ಧಾತುವಿನಿಂದ ಬಂದುದೇ. ಬಹುಶಃ ಆ ಕಾರಣದಿಂದಲೇ ಡಾರ್ವಿನ್ನನು ತನ್ನ ಗ್ರಂಥದ ಮೊದಲ ಮುದ್ರಣದಲ್ಲಿ ಆ ನಾಮಪದವನ್ನು ಬಳಸದೆ, ಅದರ ಕ್ರಿಯಾರೂಪವನ್ನು ಮಾತ್ರ ಕಟ್ಟಕಡೆಯ ಪದವಾಗಿ ಇಟ್ಟನು. ಕನ್ನಡದಲ್ಲಿ ಈ ಅರಳುವಿಕೆಯ ಅರ್ಥಕ್ಕೆ ಮಹಾಕಾವ್ಯದ ಗೌರವವು ಬಂದುದು ಕುವೆಂಪುರವರಿಂದ. ಶ್ರೀ ಅರವಿಂದರ ದರ್ಶನದಿಂದ ಪ್ರಭಾವಿತವಾದ ‘ಶ್ರೀ ರಾಮಾಯಣ ದರ್ಶನಂ’ (1949) ಕಾವ್ಯದಲ್ಲಿ ಚೇತನವು ಮೇಲುಮೇಲಕ್ಕೆ ಏರುವುದು;ರಾವಣನಿಗೂ ಆ ಏರಿಕೆಯಲ್ಲಿ ಪಾಲುಂಟು. ತಂದೆಯ ಈ ಊರ್ಧ್ವಗತಿಯನ್ನು ಮಗನ ಓತಿಯೊಡನೆ ಹೋಲಿಸಿದರೆ ಭೇದವು ಸ್ಪಷ್ಟವಾಗುವುದು. ಓತಿಯು ಏರುವುದಿಲ್ಲ, ಮರದಿಂದ ಮರಕ್ಕೆ ಇಳಿಜಾರಾಗಿ ತೇಲುವುದು. ಅದು ಬೇಲಿಯ ಓತಿಗಿಂತ ಮೇಲಲ್ಲ, ಕೀಳಲ್ಲ, ಬೇರೆ. ಆಧುನಿಕ ಕನ್ನಡದಲ್ಲಿ ‘ವಿಕಾಸ’ವನ್ನು ಏಣಿಯಿಂದ ಇಳಿಸಿ ಕವಲೊಡೆದ ಮರದ ಮೇಲೆ ಕೂಡಿಸಿದುದು ‘ಕರ್ವಾಲೊ’ವಿನ ದೊಡ್ಡ ಸಾಧನೆಯೆಂದು ಒಪ್ಪತಕ್ಕದ್ದು. ತೇಜಸ್ವಿಯವರು ಮುಂದೆ ‘ಮಿಸ್ಸಿಂಗ್ ಲಿಂಕ್’ ಎಂಬ ಪುಸ್ತಕದಲ್ಲಿ ಮಾನವಪೂರ್ವಜರ ಅನ್ವೇಷಣೆಯ ವೃತ್ತಾಂತವನ್ನು ಬಿಡಿಸಿ ಹೇಳಿದರು. ಆದರೆ ಕಾದಂಬರಿಯ ಓದುಗರೆಲ್ಲರೂ ಅಲ್ಲಿಯವರೆಗೆ ಹೋಗುವರೆಂದು ಹೇಳಲಾಗದು.

ಕನ್ನಡದ ಲೇಖಕರಲ್ಲಿ ಇಂತಹ ಸಾಕ್ಷ್ಯವನ್ನು ತಾವೇ ಕಲೆಹಾಕಿದವರೊಬ್ಬರಿದ್ದರು—‘ಹಸುರು ಹೊನ್ನು’ (1976) ಗ್ರಂಥದ ಬಿ. ಜಿ. ಎಲ್. ಸ್ವಾಮಿಯವರು. ಹೂಬಿಡುವ ಸಸ್ಯಗಳ ಕಾಂಡದಲ್ಲಿ ಸಾಮಾನ್ಯವಾಗಿ ಇರುವ ನೀರ್ಗೊಳವೆಗಳು ಸಾರ್ಕಾಂಡ್ರ ಎಂಬ ಕುಲದಲ್ಲಿ ಇಲ್ಲವೆಂದು ಅವರೂ ಅಮೆರಿಕದ ಇರ್ವಿಂಗ್ ಬೈಲಿಯವರೂ ಸೇರಿ 1950ರಲ್ಲಿ ಪ್ರಕಟಿಸಿದರು. ಆ ಕುಲದ ಒಂದು ಜಾತಿಗೆ ಸ್ವಾಮಿಯವರು ಬೈಲಿಯವರ ಹೆಸರನ್ನೇ ಇಟ್ಟರು. ಸಸ್ಯಗಳ ಪ್ರಾಚೀನಾವಸ್ಥೆಗೆ ಇದು ದೊಡ್ಡ ಸಾಕ್ಷಿಯೆಂದು ಎಣಿಕೆಯಾಯಿತು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬವರು ಅದೇ ಸಸ್ಯದಲ್ಲಿ ನೀರ್ಗೊಳವೆಗಳಿರುವುದನ್ನು ತೋರಿಸಿದರು. ಒಂದು ಸಾಕ್ಷಿಯು ತಿದ್ದುಪಡಿಗೆ ಒಳಗಾಯಿತು. ಆದರೆ ಮೊಕದ್ದಮೆಯು ಬಿದ್ದುಹೋಗಲಿಲ್ಲ. ಯಾವುದೊಂದು ಗಿಡದ ಮೇಲೆಯೂ ಯಾವುದೊಂದು ಓತಿಯ ಮೇಲೆಯೂ ಸಿದ್ಧಾಂತವು ನಿಂತಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಕನ್ನಡಿಗರಿಗೆ ಸಮೀಪದಲ್ಲಿ ದೊರೆಯದು. ಏಕೈಕ ಮಾದರಿಯನ್ನು ಅಟ್ಟಿಕೊಂಡು ಹೋಗುವ ಕರ್ವಾಲೊವಿನ ಆತುರಕ್ಕೂ ಸ್ವಾಮಿಯವರ ಬರವಣಿಗೆಯಲ್ಲಿ ಕಾಣುವ ಕೊಂಚ ಕುಚೋದ್ಯ ಬೆರೆತ ನಿಶ್ಚಿಂತೆಗೂ ಅಂತರವುಂಟು. ಕಾದಂಬರಿಯಲ್ಲಿ ವಿಜ್ಞಾನಿಯು ಋಷಿಯಾಗಿ ಕಾಣುವನು. ಸ್ವಾಮಿಯವರಲ್ಲಿ ಗಿಡ ಕೀಳಲು ಹೋಗಿ ಜಾರಿಬೀಳುವ ಮೇಷ್ಟರಾಗಿ. ಎರಡನೆಯದೇ ಸತ್ಯಕ್ಕೆ ಹತ್ತಿರವಾದುದು.

ಇಷ್ಟು ಹೇಳಿದ ಮೇಲೆ ಕಾದಂಬರಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸದಿದ್ದರೆ ವಿಮರ್ಶೆಯು ಏಕಮುಖವಾಗುವುದು. ಓತಿಯ ವಿಷಯದಲ್ಲಿ ‘ಕರ್ವಾಲೊ’ ಎಡವಿದ್ದರೂ ಮಂದಣ್ಣನ ವಿಷಯದಲ್ಲಿ ಎಡವಿಲ್ಲ. ಓದುಬರಹದಲ್ಲಿ ಹಿಂದುಳಿದ, ಮದುವೆಯ ಆಸೆಗಾಗಿ ಜವಾನನ ಕೆಲಸವನ್ನು ಬೇಡುವ ಈ ಹುಡುಗನ ಕಣ್ಣಿಗೆ ಊರಿನವರಾರೂ ಕಾಣದುದು ಕಾಣುವುದು. ಅವನು ಹುಟ್ಟು ನಿಸರ್ಗತಜ್ಞನೆಂದು ಕರ್ವಾಲೊ ಗುರುತಿಸುವುದು ಕಥೆಯ ನಿಜವಾದ ಶೋಧ. ಓತಿಯ ಶೋಧವು ಅದರ ನೆರಳು. ಮಂದಣ್ಣನು ಕಳ್ಳಭಟ್ಟಿಯ ಆರೋಪಕ್ಕೆ ಸಿಕ್ಕಿ ನ್ಯಾಯಾಲಯದ ಮೆಟ್ಟಿಲೇರುವ ಭಾಗವನ್ನು ಕಥೆಗೆ ಅಂಟದ ಹಾಸ್ಯಪ್ರಸಂಗವೆಂದು ಕೆಲವರು ಎಣಿಸಬಹುದು. ಸಾಕ್ಷ್ಯದ ದೃಷ್ಟಿಯಿಂದ ನೋಡಿದರೆ ಅದು ಅಂಟದೆ ಇಲ್ಲ: ಕಣ್ಣಾರೆ ಕಂಡುದನ್ನು ಕಂಡಂತೆ ಹೇಳಬಲ್ಲವನು ಅಲ್ಲಿ ಕಟಕಟೆಯಲ್ಲಿ ಆರೋಪಿಯಾಗಿ ನಿಂತಿರುವನು, ಕಾಡಿನಲ್ಲಿ ವಿಜ್ಞಾನಿಗೇ ದಾರಿತೋರುವ ಸಾಕ್ಷಿಯಾಗಿ ನಡೆಯುವನು. ಲೋಕವು ಓತಿಕ್ಯಾತನನ್ನು ಹೇಗೆ ಬಗೆದಿದೆಯೋ ಮಂದಣ್ಣನನ್ನೂ ಹಾಗೆಯೇ ಬಗೆದಿರುವುದು. ಇವರಿಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದ ತೇಜಸ್ವಿಯವರ ಪ್ರತಿಭೆಗೆ ಗಾದೆಯ ಅರಿವಿದ್ದಿತೋ ಇಲ್ಲವೋ, ಗಾದೆಯು ಮಾತ್ರ ತಲೆಕೆಳಗಾಯಿತು.

ಮುಕ್ತಾಯದ ವಿಷಯದಲ್ಲಿ ಒಂದು ಮಾತು ಉಳಿದಿದೆ. ಪ್ರಪಾತದ ಮೇಲೆ ತೇಲಿಹೋದ ಓತಿಯು ರೆಕ್ಕೆಯನ್ನು ಹೇಗೆ ನಡೆಸಿತೆಂಬುದನ್ನು ಆ ಪರಿವಾರದವರಾರೂ ಹೇಳಲಾರರು. 1980ರಲ್ಲಿ ಶಾಸ್ತ್ರಜ್ಞರಿಗೂ ಅದು ಸರಿಯಾಗಿ ತಿಳಿದಿರಲಿಲ್ಲ. ಪಕ್ಕೆಲುಬಿನ ಸ್ನಾಯುಗಳಿಂದಲೇ ಎಲ್ಲವೂ ನಡೆಯುವುದೆಂದು ಭಾವಿಸಿದ್ದರು. ಆಗುಂಬೆಯ ಸುತ್ತಣ ಮರಗಳಲ್ಲಿ ಇದೇ ಡ್ರೇಕೊ ಡಸ್ಸುಮಿಯೆರಿಯು ಹಾರುವುದನ್ನು ಮತ್ತೆ ಮತ್ತೆ ನೋಡಿ ಚಿತ್ರ ಹಿಡಿದ ಡೇಲಿಂಗ್ ಎಂಬ ಜರ್ಮನ್ ವಿದ್ವಾಂಸರು 2017ರಲ್ಲಿ ಹೊಸ ಸಂಗತಿಯೊಂದನ್ನು ಪ್ರಕಟಿಸಿದರು. ಮರವನ್ನು ಬಿಟ್ಟು ನೆಗೆದ ಕ್ಷಣದಲ್ಲಿ ಓತಿಯು ಮುಂಗೈಗಳನ್ನು ಹಿಂದಕ್ಕೆ ತಂದು, ಬಿಚ್ಚಿದ ಪೊರೆಯ ಮುಂದಣ ಅಂಚನ್ನು ಉಗುರುಗಳಿಂದ ಹಿಡಿದುಕೊಂಡು, ಇಳಿಯುವವರೆಗೂ ಬಿಡದೆ, ಅದರಿಂದಲೇ ರೆಕ್ಕೆಯನ್ನು ತಿರುಗಿಸುವುದು. ಇದಕ್ಕಾಗಿ ಅಳಿದುಹೋದ ಕುಲವನ್ನು ಹುಡುಕಬೇಕಾಗಲಿಲ್ಲ. ಮನೆಯಂಚಿನ ಮರಗಳಲ್ಲಿ ಇದ್ದ ಓತಿಗಳೇ ಸಾಕಾದುವು. ಮಂದಣ್ಣನು ಅಲ್ಲಿದ್ದಿದ್ದರೆ ಆ ಕೈಗಳನ್ನು ಮೊದಲು ಕಾಣುತ್ತಿದ್ದವನು ಅವನೇ.